ಕಮಲತ್ತೆ ಉಳಿಸಿದ ಗೇಣುದ್ದ ಎಳೆ

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ವಾಸನೆ ನನ್ನನ್ನು ಈಗಲೂ ಬನಹಟ್ಟಿಯ ಆ ಮನೆಯ ಪಡಸಾಲೆಗೆ ಎಳೆದೊಯ್ಯುತ್ತದೆ. ನಿಮಗೂ ಅಂಥದೊಂದು ಮನೆ ಇದ್ದೀತು, ಈಗ ಇಲ್ಲದ್ದು. ನಮ್ಮ ಪಡಸಾಲೆಯಲ್ಲಿ ಒಂದು ಕಡೆ ನೆಲ ತೋಡಿ ಕೂರಿಸಿದ ಕುಣಿಮಗ್ಗ, ಇನ್ನೊಂದು ಕಡೆ ಮುಚ್ಚಿಹೋದ ಸೈಬರ್ ಕೆಫೆಯಿಂದ ತಂದ ಹಳೆಯ ಕಂಪ್ಯೂಟರ್. ಎರಡಕ್ಕೂ ಒಡತಿ ಅಪ್ಪನ ತಂಗಿ ಕಮಲತ್ತೆ. ಗಂಡನ ಮನೆ ಬಿಟ್ಟು ಬಂದವಳು, ನೇಯ್ದು ತನ್ನ ಅನ್ನ ತಾನು ದುಡಿದುಕೊಳ್ಳುತ್ತಿದ್ದಳು. ಜಮಖಂಡಿಗೆ ಹೋಗಿ ವೆಬ್ ಪುಟ ಮಾಡುವುದನ್ನು ಕಲಿತು ಬಂದಿದ್ದಳು. ಸಂಜೆ ಮಗ್ಗ ನಿಂತ ಮೇಲೆ ಓಣಿಯ ಹುಡುಗಿಯರನ್ನೆಲ್ಲ ಕೂಡಿಸಿಕೊಂಡು ಅದನ್ನೇ ಆಟವಾಗಿ ಆಡಿಸುತ್ತಿದ್ದಳು.

ಪಾಠ ಅಂತ ಹೇಳಿದ್ದು ಕಡಿಮೆ. ತಾನು ಮಾಡಿದ ಸೀರೆಯ ಪುಟವೊಂದನ್ನು ತೆರೆದು, ಅದರ ಹಿಂದಿನ ಸಾಲುಗಳನ್ನು ತೋರಿಸಿ, ಎಲ್ಲಿ ಬೇಕಾದರೂ ಕೈ ಹಾಕಿ ಅನ್ನುತ್ತಿದ್ದಳು. ಕೆಂಪು ಇದ್ದಲ್ಲಿ ಹಸಿರು ಬರೆದರೆ ಸೆರಗು ಹಸಿರಾಗುತ್ತಿತ್ತು. ಒಂದು ಸಾಲು ಅಳಿಸಿದರೆ ಅಂಚು ಪುಟದ ನಟ್ಟನಡುವೆ ಬಂದು ಕೂರುತ್ತಿತ್ತು, ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಎಲ್ಲ ಹಾಳಾಯಿತೆಂದು ನಾನು ಅಳುಮೋರೆ ಹಾಕಿದರೆ, "ಕೆಟ್ರ ಕೆಡ್ಲಿ ಬಿಡವ್ವ, ಇನ್ನೊಮ್ಮಿ ಕೆಡಿಸಿ ನೋಡು" ಅನ್ನುತ್ತಿದ್ದಳು. ಖಾಲಿ ಪುಟದಿಂದ ಶುರು ಮಾಡಲು ಮಾತ್ರ ಬಿಡುತ್ತಿರಲಿಲ್ಲ. ಮಗ್ಗದ ಮೇಲೆ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು, ಮುಗಿದಾಗ ನೇಕಾರರು ಎಳೆಗಳನ್ನೆಲ್ಲ ತೆಗೆಯುವುದಿಲ್ಲ. ಗೇಣುದ್ದ ಹಳೆಯ ಎಳೆ ಉಳಿಸಿ, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದರ ತುದಿಗೆ ಹೊಸೆದು ಕೆಚ್ಚುತ್ತಾರೆ. ಆ ಗೇಣೂ ಹೋದರೆ ಮಗ್ಗಕ್ಕೆ ಒಂದೊಂದೇ ಎಳೆಯನ್ನು ಮೊದಲಿಂದ ಪೋಣಿಸಬೇಕು. ನಾವೂ ಅವಳ ಪುಟವನ್ನು ನಕಲು ಮಾಡಿಕೊಂಡು, ತಿದ್ದುತ್ತ ತಿದ್ದುತ್ತ ನಮ್ಮದಾಗಿಸಬೇಕು. ಕೊನೆಯ ಸಾಲನ್ನು ಮುಟ್ಟಬಾರದು. ಅಲ್ಲಿ ಸಣ್ಣ ಅಕ್ಷರದಲ್ಲಿ 'ಕಮಲಾ, ಬನಹಟ್ಟಿ' ಎಂದಿತ್ತು. ನಮ್ಮ ಗೇಣುದ್ದ ಎಳೆ ಅದೇ.

ಪಡಸಾಲೆ ತನ್ನ ಪಾಲಿಗೆ ಬರಲಿ ಎಂದು ಅತ್ತೆ ಒಮ್ಮೆ ಬಾಯಿಬಿಟ್ಟು ಕೇಳಿದಳು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪನಿಗೆ ಅಲ್ಲಿ ಪವರ್‌ಲೂಮ್ ಹಾಕುವುದಿತ್ತು. ನಾವು ಹುಡುಗಿಯರು ಕೂತಿದ್ದಾಗಲೇ ಕತ್ತರಿ ಹಿಡಿದು ಬಂದು ಮಗ್ಗದ ಮೇಲಿನ ಹಾಸನ್ನು ಕತ್ತರಿಸಿದ, ಗೇಣು ಎಳೆಯನ್ನೂ ಬಿಡದೆ ಕಿತ್ತೆಸೆದ. ನೇಕಾರನ ಮಗ, ಏನು ಮಾಡುತ್ತಿದ್ದೇನೆಂದು ಗೊತ್ತಿದ್ದೇ ಮಾಡಿದ. ಕಂಪ್ಯೂಟರ್ ಗುಜರಿಗೆ ಹೋಯಿತು. ಅಪ್ಪ ತಡೆಯಲು ಬರಲಿಲ್ಲ. ಅತ್ತೆ ಚಿಮ್ಮಡದಲ್ಲಿ ಬಾಡಿಗೆ ಕೋಣೆ ಹಿಡಿದು, ಯಾರದೋ ಮಗ್ಗದಲ್ಲಿ ಕೂಲಿಗೆ ನೇಯ್ದು, ಅಲ್ಲೇ ಸತ್ತಳು. ದೊಡ್ಡಪ್ಪ ಮಣ್ಣಿಗೂ ಬರಲಿಲ್ಲ. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಮನಸ್ಸೂ ಇಲ್ಲ. ಅತ್ತೆಯ ಆ ಪುಟ ಮಾತ್ರ ನನ್ನ ಪೆನ್‌ಡ್ರೈವಿನಲ್ಲಿ ಉಳಿದುಕೊಂಡಿತ್ತು.

ಈಗ ನಾನು ರಬಕವಿಯಲ್ಲಿ ಮಕ್ಕಳಿಗೆ ಅದೇ ಆಟ ಕಲಿಸುತ್ತೇನೆ, ಅಂಗಡಿಗಳಿಗೆ ಪುಟ ಮಾಡಿಕೊಡುತ್ತೇನೆ. ಹೋದ ವರ್ಷ ದೊಡ್ಡಪ್ಪನೇ ಹುಡುಕಿಕೊಂಡು ಬಂದ. ಜನ ಫೋನಿನಲ್ಲೇ ನೋಡಿ ಕೊಳ್ಳತೊಡಗಿ, ಅವನ ಸೀರೆ ಅಂಗಡಿಗೆ ಗಿರಾಕಿ ಕಡಿಮೆಯಾಗಿತ್ತು. ಇಷ್ಟು ವರ್ಷ ಇದಕ್ಕೇ ಕಾದವಳಂತೆ ಒಪ್ಪಿಕೊಂಡೆ. ಅತ್ತೆಯ ಪುಟಕ್ಕೇ ಅವನ ಸೀರೆಗಳನ್ನು ಕೆಚ್ಚಿದೆ. ವ್ಯಾಪಾರ ಕುದುರಿತು. ಆಮೇಲೆ ಅವನ ಕಣ್ಣು ಕೊನೆಯ ಸಾಲಿಗೆ ಬಿತ್ತು.

"ಆಕಿ ಹೆಸರ ತಗಿ," ಅಂದ.

"ತಗದ್ರ ಪುಟಾನ ಬಿಚ್ಚಿ ಹೋಗತೈತ್ರಿ ದೊಡ್ಡಪ್ಪ. ಗೇಣು ಎಳಿ ಬಿಡದ ಕತ್ತರಿಸಿದ್ರ ಏನಾಗತೈತಿ, ನಿಮಗ ಗೊತ್ತಿಲ್ಲೇನ್ರಿ?"

ಅಪ್ಪಟ ಸುಳ್ಳು. ಆ ಸಾಲು ಅಳಿಸಿದರೆ ಪುಟಕ್ಕೆ ಏನೂ ಆಗುವುದಿಲ್ಲ. ಅತ್ತೆಯ ಕೈಯಲ್ಲಿ ಕಲಿತ ಯಾವ ಹುಡುಗಿಯಾದರೂ ಹೇಳಿಯಾಳು. ಅವನು ಆ ಆಟಕ್ಕೆ ಒಂದು ಸಂಜೆಯೂ ಕೂತಿರಲಿಲ್ಲ. ಇರಲಿ ಬಿಡು ಎಂದು ಎದ್ದು ಹೋದ.

ಆ ಮನೆಯನ್ನು ಕೆಡವಿ ಪವರ್‌ಲೂಮಿನ ಶೆಡ್ಡು ಎಬ್ಬಿಸಿದ್ದಾರೆ, ಮಗ್ಗದ ಕುಣಿಗೆ ಸಿಮೆಂಟು ಬಿದ್ದಿದೆ. ನಾನು ಆಗಾಗ ಸುಮ್ಮನೆ ಅಂಗಡಿಗೆ ಹೋಗಿ ಆ ಗಂಜಿಯ ವಾಸನೆಯ ನಡುವೆ ಕೂರುತ್ತೇನೆ. ದೊಡ್ಡಪ್ಪ ಗಿರಾಕಿಗಳಿಗೆ ಫೋನಿನಲ್ಲಿ ಸೀರೆ ತೋರಿಸುತ್ತ, ಪುಟದ ಕೊನೆಗೆ ಬಂದಾಗ ಹೆಸರಿನ ಮೇಲೆ ಹೆಬ್ಬೆರಳು ಇಡುತ್ತಾನೆ. ಈಚೆಗೆ ಆ ಬೆರಳು ಸರಿಯುತ್ತದೆ. ಯಾರ್ರೀ ಈ ಕಮಲಾ ಎಂದು ಗಿರಾಕಿ ಕೇಳುತ್ತಾರೆ. ಅವನು ಒಮ್ಮೆ ನನ್ನ ಕಡೆ ನೋಡುತ್ತಾನೆ. ನಾನು ಕಣ್ಣು ತೆಗೆಯುವುದಿಲ್ಲ.

"ನಮ್ಮ ತಂಗೀರಿ," ಅನ್ನುತ್ತಾನೆ.