ದೊಡ್ಡ ಮಾವನ ಲಿಂಕು

ನನ್ನ ಮದುವೆಗೆ ಕಾಗದ ಅಚ್ಚು ಹಾಕಿಸುವುದು ಬೇಡ, ವೆಬ್ ಪುಟ ನಾನೇ ಮಾಡುತ್ತೇನೆ ಎಂದಾಗ ಅಮ್ಮ ಇಟ್ಟದ್ದು ಒಂದೇ ಷರತ್ತು: ಹಿರಿಯರ ಪಟ್ಟಿಯಲ್ಲಿ ಬೆಂಗ್ರೆಯ ದೊಡ್ಡ ಮಾವನ ಹೆಸರು ಮೊದಲು ಬರಬೇಕು. ಅಕ್ಕನ ಮದುವೆ ಕಾಗದದಲ್ಲಿ ಸಣ್ಣ ಮಾವನ ಹೆಸರು ಒಂದು ಸಾಲು ಮೇಲೆ ಬಿದ್ದು, ಅಮ್ಮನ ಅಣ್ಣನಾದ ದೊಡ್ಡ ಮಾವ ಊಟಕ್ಕೂ ಬಂದಿರಲಿಲ್ಲ. ಎಂಟು ವರ್ಷದಿಂದ ಮಾತಿಲ್ಲ. ದೊಡ್ಡ ಸೋದರಮಾವ ಇಲ್ಲದ ಇನ್ನೊಂದು ಧಾರೆ ನೋಡುವ ಶಕ್ತಿ ಅಮ್ಮನಿಗಿರಲಿಲ್ಲ.

ನನಗೆ ಬರುತ್ತಿದ್ದ ಎಚ್‌ಟಿಎಂಎಲ್ ಅಷ್ಟಕ್ಕಷ್ಟೆ. ಪುಟದ ಮೇಲ್ತುದಿಯಲ್ಲಿ ತೀರಿಹೋದ ಅಜ್ಜಿಯ, ಅಂದರೆ ಅಮ್ಮನ ಅಮ್ಮನ ಫೋಟೊ, ಆಮೇಲೆ ದಿನ, ಹಾಲ್, ತೀರ ಕೆಳಗೆ ಹಿರಿಯರ ಹೆಸರುಗಳು. ಹೆಸರು ಒತ್ತಿದರೆ ಅವರವರ ಫೋಟೊ ತೆರೆಯುವ ಹಾಗೆ ಒಂದೊಂದಕ್ಕೂ ಲಿಂಕ್ ಕೊಟ್ಟೆ. ದೊಡ್ಡ ಮಾವನ ಫೋಟೊ ಮಾತ್ರ ಇರಲಿಲ್ಲ. ಮಾತೇ ಇಲ್ಲದವರ ಫೋಟೊ ಎಲ್ಲಿಂದ ತರುವುದು? ಲಿಂಕಿನ ವಿಳಾಸ ಬರೆಯುವ ಜಾಗದಲ್ಲಿ ಸದ್ಯಕ್ಕೆ ಒಂದು ಹ್ಯಾಶ್ ಗುರುತು (#) ಹಾಕಿಟ್ಟೆ. ಹಾಗೆ ಹಾಕಿದರೆ ಒತ್ತಿದವರು ಎಲ್ಲಿಗೂ ಹೋಗದೆ ಅದೇ ಪುಟದ ಮೇಲ್ತುದಿಗೆ ಬಂದು ನಿಲ್ಲುತ್ತಾರೆ. ಆಮೇಲೆ ಸರಿ ಮಾಡುವ ಎಂದುಕೊಂಡವಳು ಮರೆತು, ಪುಟವನ್ನು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನೆನಪಾಗುವಷ್ಟರಲ್ಲಿ ಫೋನ್ ಬಂತು, ದೊಡ್ಡ ಮಾವನದ್ದೇ. ಅಮ್ಮ ಕೈಯಲ್ಲಿದ್ದ ಬಂಗುಡೆ ಮೀನನ್ನು ಅಲ್ಲೇ ಬಿಟ್ಟು ಬಂದು ಸ್ಪೀಕರ್‌ಗೆ ಕಿವಿ ಕೊಟ್ಟಳು.

“ಎಂತ ಮಾರಾಯ್ತಿ ಇದು? ಬೇರೆಯವರನ್ನು ಒತ್ತಿದ್ರೆ ಅವರವರ ಮೋರೆ ಬರ್ತದೆ. ನನ್ನನ್ನು ಒತ್ತಿದ್ರೆ ಸೀದಾ ನನ್ನಮ್ಮನ ಹತ್ರ ಹೋಗ್ತದೆ.”

ಮಾವ ಗಂಟಲು ಸರಿಮಾಡಿಕೊಂಡರು.

“ದೊಡ್ಡ ಮಗ ಯಾರು ಅಂತ ಈಗಲಾದರೂ ಗೊತ್ತಾಯ್ತಲ್ಲ ನಿಮಗೆ. ನಾಲ್ಕು ಸಲ ಒತ್ತಿ ನೋಡಿದೆ.”

ನಾನು ಜಾಣೆಯ ಹಾಗೆ ‘ಹೌದು ಮಾವ’ ಎಂದೆ. ಆದರೆ ಮರುದಿನ ಬೆಳಿಗ್ಗೆಯೇ ತೊಕ್ಕೊಟ್ಟಿನಿಂದ ಸಣ್ಣ ಮಾವನ ತಕರಾರು: “ನಾನೆಂತ ಅಮ್ಮನ ಮಗ ಅಲ್ವಾ?” ಚಿಕ್ಕಮ್ಮಂದಿರೂ ಸೇರಿಕೊಂಡರು. ಯಾರಿಗೂ ತಮ್ಮ ಫೋಟೊ ಬೇಡ. ಎಲ್ಲರಿಗೂ ಅಜ್ಜಿಯೇ ಬೇಕು. ಹಾಳಾಗಿ ಹೋಗಲಿ ಎಂದು ಸರಿಯಾಗಿದ್ದ ಲಿಂಕುಗಳನ್ನೆಲ್ಲ ಕಿತ್ತು ಹ್ಯಾಶ್ ಹಾಕಿದೆ. ಒಂದು ಕೆಲಸ ಕಲಿತು ಅದನ್ನು ಇಷ್ಟು ಶ್ರದ್ಧೆಯಿಂದ ಕೆಡಿಸಿದವಳು ಇಡೀ ಮಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು.

ಸಂಜೆ ಪುನಃ ದೊಡ್ಡ ಮಾವ. “ಈಗ ಎಲ್ಲರೂ ಅಲ್ಲಿಗೇ ಹೋಗ್ತಾರಲ್ಲ, ಮತ್ತೆ ನನಗೆಂತ ಉಂಟು?”

ಸ್ವರದಲ್ಲಿ ಕೋಪವಿತ್ತು. ಅಮ್ಮನ ಮುಖ ಬಾಡಿತು. ನನಗೂ ಹೆದರಿಕೆಯೇ.

“ಮಾವ, ನಿಮ್ಮದೊಂದು ಫೋಟೊ ಕಳಿಸಿ. ಇಡೀ ಪಟ್ಟಿಯಲ್ಲಿ ನಿಮ್ಮ ಮೋರೆ ಮಾತ್ರ ಬರುವ ಹಾಗೆ ಮಾಡ್ತೇನೆ.”

ಎರಡು ನಿಮಿಷದಲ್ಲಿ ಹನ್ನೊಂದು ಫೋಟೊ ಬಂದವು. ಒಂಬತ್ತರಲ್ಲಿ ಕೈಯಲ್ಲಿ ಅಂಜಲ್ ಮೀನು.

ಮದುವೆಯ ದಿನ ಅವರು ಬೆಂಗ್ರೆಯಿಂದ ನದಿ ದಾಟುವ ಮೊದಲ ಫೆರಿ ಹಿಡಿದು, ಹೂವಿನವರು ಬರುವ ಮೊದಲೇ ಹಾಲ್‌ನ ಬಾಗಿಲಲ್ಲಿ ನಿಂತಿದ್ದರು. ಗಂಟೆ ಇನ್ನೂ ಏಳಾಗಿರಲಿಲ್ಲ. ಅಮ್ಮ ಓಡಿ ಹೋಗಿ ಅವರ ಕೈ ಹಿಡಿದು ಅತ್ತುಬಿಟ್ಟಳು.

“ಎಷ್ಟು ತಡ ಅಣ್ಣ,” ಎಂದಳು.