ಬೋಗುಣಿ ಎಲ್ಲಿಡುತ್ತೀರಿ?

ನನ್ನ ಅಕ್ಕನ ಪಾತ್ರೆ ಅಂಗಡಿಯಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಡದೆ ಯಾರೂ ಸಾಮಾನು ಹೊರಗೆ ತಂದದ್ದಿಲ್ಲ. ಬೋಗುಣಿಯ ಅಂಚಿಗೆ ಬೆರಳಲ್ಲಿ ಒಮ್ಮೆ ಮೀಟಿ, ಆ ಸದ್ದು ಪೂರ್ತಿ ಅಡಗುವ ತನಕ ಕಾದು, ಆಮೇಲೆ ಗಿರಾಕಿಯ ಮುಖ ನೋಡಿ ಕೇಳುತ್ತಿದ್ದಳು:

"ಇದನ್ನ ಮನೇಲಿ ಎಲ್ಲಿಡ್ತೀರಿ?"

ಮಾತಿಗೆ ಕೇಳುವ ಪ್ರಶ್ನೆ ಅಲ್ಲ ಅದು. ತೆರಿಗೆ ಅದರ ಮೇಲೆ ನಿಂತಿತ್ತು.

ಭಾವ ತೀರಿಕೊಂಡ ಮೇಲೆ ಅಂಗಡಿ ಅಕ್ಕನ ಕೈಗೆ ಬಂತು. ಎದುರುಗಡೆ ನನ್ನ ಇಸ್ತ್ರಿ ಅಂಗಡಿ. ಬೆಳಗಿನಿಂದ ಸಂಜೆ ತನಕ ನಿಂತೇ ಇರುವ ಕೆಲಸ. ಕಾಲು ಊದುತ್ತದೆ, ತಲೆ ಕಾಯುತ್ತದೆ. "ಇಸ್ತ್ರಿ ಪೆಟ್ಟಿಗೆಗಿಂತ ನೀನೇ ಬೇಗ ಕಾಯ್ತೀಯಲ್ಲೋ" ಎಂದು ಅಕ್ಕ ಹೇಳುವುದುಂಟು. ಕಾಯುವಂತೆ ಮಾಡುವವಳು ಯಾರು ಎಂದು ನಾನು ಕೇಳುವುದಿಲ್ಲ.

ಅಕ್ಕನಿಗೆ ಲೆಕ್ಕ ಬರೆದುಕೊಡುವ ಕನ್ನಡಕದವನೊಬ್ಬ ಇದ್ದಾನೆ. ಜಿಎಸ್‌ಟಿ ಬಂದ ಹೊಸದರಲ್ಲಿ ಅವನು ಅವಸರ ಅವಸರವಾಗಿ ಹೇಳಿ ಹೋದ: "ಅಡುಗೆ ಮನೆ ಪಾತ್ರೆಗೆ ಒಂದು ದರ ಅಮ್ಮ, ಬಚ್ಚಲು ಮನೆ ಸಾಮಾನಿಗೆ ಅದಕ್ಕಿಂತ ಜಾಸ್ತಿ. ನೋಡ್ಕೊಂಡು ಹಾಕಿ." ಅವನ ಮನಸ್ಸಿನಲ್ಲಿದ್ದದ್ದು ಕೈ ತೊಳೆಯುವ ತೊಟ್ಟಿ, ಷವರ್ರು, ಅಂಥವು. ಅಕ್ಕ ಅದನ್ನು ತೆಗೆದುಕೊಂಡ ರೀತಿಯೇ ಬೇರೆ. ಬೋಗುಣಿ ಅಡುಗೆ ಮನೆಗೆ ಹೋದರೆ ಅಡುಗೆ ದರ, ಅದೇ ಬೋಗುಣಿ ಬಚ್ಚಲಿಗೆ ಹೋದರೆ ಬಚ್ಚಲು ದರ! ಅಕ್ಕಿ ತೊಳೆಯುವ ಚೊಂಬಿಗೆ ಒಂದು, ತಲೆಗೆ ನೀರು ಹುಯ್ಯುವ ಚೊಂಬಿಗೆ ಇನ್ನೊಂದು.

ಜನ ದಡ್ಡರೇ? ವಾರ ಕಳೆಯುವಷ್ಟರಲ್ಲಿ ಇಡೀ ಬೀದಿಗೆ ಗುಟ್ಟು ಗೊತ್ತಾಯಿತು. ಕೇಳಿದವರೆಲ್ಲ "ಅಡುಗೆ ಮನೆ, ಅಡುಗೆ ಮನೆ" ಎನ್ನತೊಡಗಿದರು. ಬಕೆಟ್ ಕೊಂಡವರೂ ಅಡುಗೆ ಮನೆ ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಅವಳು ನನ್ನ ಅಕ್ಕ ಹೇಗಾದಾಳು? ಮಧ್ಯಾಹ್ನ ವ್ಯಾಪಾರ ಇಲ್ಲದ ಹೊತ್ತಿನಲ್ಲಿ ಅರ್ಧ ಬಾಗಿಲು ಎಳೆದು, ಗಿರಾಕಿಗಳ ಮನೆಗೇ ಹೊರಟಳು.

"ಪಾತ್ರೆ ಹೇಗಿದೆ ಅಂತ ನೋಡೋಣ ಅಂತ ಬಂದೆ" ಎಂದು ಬಾಗಿಲಲ್ಲಿ ಹೇಳುವಳು. ಒಳಗೆ ಹೋದರೆ ಕಣ್ಣು ನೆಟ್ಟಗೆ ಬಚ್ಚಲ ಕಡೆಗೆ. ಶಾಲೆಯ ಟೀಚರಮ್ಮ ತಪ್ಪಲೆಯಲ್ಲಿ ಗುಲಾಬಿ ಗಿಡ ನೆಟ್ಟದ್ದು ಸಿಕ್ಕಿಬಿತ್ತು. "ಅಡುಗೆಗೆ ಅಂದ್ರಲ್ಲ ಟೀಚರೇ, ಇದನ್ನ ಹುರಿದು ತಿಂತೀರಾ?" ಎಂದು ಕೇಳಿ, ವ್ಯತ್ಯಾಸದ ದುಡ್ಡು ಅಲ್ಲೇ ವಸೂಲಿ ಮಾಡಿದಳು. ಗಿಡ ಬಚ್ಚಲಿಗೆ ಸೇರಿದ್ದು ಹೇಗೆ ಎಂದು ಟೀಚರಮ್ಮ ಕೇಳಿದರಂತೆ. "ನೀರು ಹಾಕ್ತೀರಲ್ಲ, ಅದಕ್ಕೆ ಸ್ನಾನವೇ ಅದು" ಎಂದಳಂತೆ ಅಕ್ಕ.

ಅಕ್ಕನ ಚಪ್ಪಲಿ ಸದ್ದು ಕೇಳಿದರೆ ಮನೆ ಮನೆಯಲ್ಲಿ ಓಡಾಟ. ಟೈಲರ್ ಹೆಂಡತಿ ಗಂಡನ ಅಂಗಿ ನೆನೆಹಾಕಿದ್ದ ಬೋಗುಣಿಯನ್ನು ಅಡುಗೆ ಮನೆಗೆ ಹೊತ್ತು ತಂದು, ಮೇಲೆ ಎರಡು ಹಿಡಿ ಹಿಟ್ಟು ಸುರಿದು ನಿಂತಳು. ಅಕ್ಕ ಇಣುಕಿ ನೋಡಿ, "ಹಿಟ್ಟು ತೆಳುವಾಯ್ತು ಕಣಮ್ಮಾ" ಎಂದು ಸಮಾಧಾನದಿಂದ ಹೊರಟು ಹೋದಳು. ಆ ಅಂಗಿ ಮಾರನೆಯ ದಿನ ನನ್ನ ಹತ್ತಿರ ಇಸ್ತ್ರಿಗೆ ಬಂತು. ಪೆಟ್ಟಿಗೆ ಇಟ್ಟ ಕೂಡಲೇ ಕಾಲರ್ ಘಮಘಮ ಬೆಂದು ಗರಿಗರಿಯಾಯಿತು. ನನ್ನ ಮೈ ಉರಿದು ಹೋಯಿತು. ರಸ್ತೆಗೆ ಬಂದು ಕೂಗಿದೆ: "ಇದು ಇಸ್ತ್ರಿ ಅಂಗಡಿ! ಬೇಕರಿ ಅಲ್ಲ!"

ಇದೆಲ್ಲ ಸಹಿಸಬಹುದಿತ್ತು. ಆದರೆ ಅವಳು ನನ್ನ ಮನೆಗೂ ಬಂದಳು.

ನಾನೂ ಒಂದು ದೊಡ್ಡ ಬೋಗುಣಿ ತಂದಿದ್ದೆ. ಅಡುಗೆ ಮನೆಗೆ ಎಂದೇ ಹೇಳಿದ್ದೆ, ಅಡುಗೆ ಮನೆಯಲ್ಲೇ ಇಟ್ಟಿದ್ದೆ. ಅಕ್ಕ ಬಂದಾಗ ನಾನು ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಬೋಗುಣಿಯ ಬಿಸಿನೀರಿನಲ್ಲಿ ಎರಡೂ ಕಾಲು ಇಳಿಬಿಟ್ಟಿದ್ದೆ.

"ಏನೋ ಇದು?"

"ಯಾಕೆ? ಅಡುಗೆ ಮನೇಲೇ ಇದೆಯಲ್ಲ!"

"ಕಾಲು ಬೇಯಿಸ್ತಾ ಇದೀಯಾ?"

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡಿದಳು.

"ಅಕ್ಕಾ, ಒಡಹುಟ್ಟಿದ ತಮ್ಮನ ಕಾಲು ಇದು!"

"ಒಡಹುಟ್ಟಿದ್ದು ನೀನು ಕಣೋ, ಸರ್ಕಾರ ಅಲ್ಲ. ತೆಗಿ ದುಡ್ಡು."

ಕೊಟ್ಟೆ. ನೆಲದ ಮೇಲೆ ಎಸೆದು ಕೊಟ್ಟೆ. ಇನ್ನು ನಿನ್ನ ಅಂಗಡಿ ಮೆಟ್ಟಿಲು ಹತ್ತಿದರೆ ಕೇಳು ಎಂದೆ. ಅವಳು ಬಗ್ಗಿ ಚಿಲ್ಲರೆ ಆರಿಸಿಕೊಂಡು, ಒದ್ದೆಯಾದದ್ದನ್ನು ಒರೆಸಿಕೊಂಡು ಹೋದಳು. ಅಂದಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಎದುರುಬದುರು ಅಂಗಡಿ ಇಟ್ಟುಕೊಂಡು ಮಾತು ಬಿಡುವುದು ಎಷ್ಟು ಕಷ್ಟ ಎನ್ನುವುದು ಬಿಟ್ಟವರಿಗೇ ಗೊತ್ತು.

ಹೀಗಿರುವಾಗ ಒಂದು ದಿನ ತೆರಿಗೆ ಇಲಾಖೆಯ ಅಧಿಕಾರಿ ಅಕ್ಕನ ಅಂಗಡಿ ಹೊಕ್ಕರು. ಇಸ್ತ್ರಿ ಮಾಡುತ್ತ ನಾನು ಓರೆಗಣ್ಣಲ್ಲಿ ನೋಡುತ್ತಿದ್ದೆ. ಅಕ್ಕ ಲೆಕ್ಕದ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಮುಖ ಬಿಳಿಚಿತ್ತು. ಪೆಟ್ಟಿಗೆ ಕೆಳಗಿಟ್ಟು ರಸ್ತೆ ದಾಟಿದೆ.

"ನೀನು ಬಾಯಿ ಬಿಚ್ಚಬೇಡ" ಎಂದಳು. ಜಗಳದ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು.

ಅಧಿಕಾರಿ ಒಂದು ಬೋಗುಣಿಯನ್ನು ಮುಂದಿಟ್ಟುಕೊಂಡಿದ್ದರು. "ಒಂದೇ ಅಂಗಡಿ, ಒಂದೇ ಬೋಗುಣಿ. ಒಬ್ಬರಿಗೆ ಒಂದು ದರ, ಇನ್ನೊಬ್ಬರಿಗೆ ಇನ್ನೊಂದು. ಇದರಲ್ಲಿ ಯಾರಿಗೆ ಮೋಸ ಅಮ್ಮ? ಗಿರಾಕಿಗಾ, ಸರ್ಕಾರಕ್ಕಾ?"

"ಮೋಸ ಅಲ್ಲ ಸಾರ್. ಒಂದು ಅಡುಗೆ ಮನೆಗೆ ಹೋಯ್ತು, ಇನ್ನೊಂದು ಬಚ್ಚಲಿಗೆ ಹೋಯ್ತು."

"ನಿಮಗೆ ಹೇಗೆ ಗೊತ್ತು?"

"ಹೋಗಿ ನೋಡಿದೆ."

ಅವರು ನಕ್ಕರು. ಒಳ್ಳೆಯ ನಗು ಅಲ್ಲ. "ಇಂಥ ಕಥೆ ದಿನಾ ಕೇಳ್ತೀನಿ."

ಅಕ್ಕ ಮೆಲ್ಲಗೆ ಎಂದಳು: "ಕಳ್ಳಿ ಅಂತ ಬರ್ಕೋಬೇಡಿ ಸಾರ್. ದಂಡ ಎಷ್ಟಾದ್ರೂ ಹಾಕಿ, ಕಟ್ತೀನಿ. ನಮ್ಮನೆಯವರು ಇದ್ದಾಗಿನಿಂದ ಈ ಅಂಗಡಿಗೆ ಆ ಮಾತು ಬಂದಿಲ್ಲ. ಬಂದ ದಿನ ನಾನು ಇಲ್ಲಿ ಕೂರಲ್ಲ, ಬಾಗಿಲು ಹಾಕಿಬಿಡ್ತೀನಿ."

"ಸುಳ್ಳು ಹೇಳೋರೆಲ್ಲ ಹೀಗೇ ಹೇಳೋದು."

ಅಷ್ಟೇ. ನನ್ನ ನೆತ್ತಿಗೇರಿತು.

"ಸುಳ್ಳಾ? ಇವಳಾ? ಸ್ವಾಮಿ, ಇವಳಿಗೆ ಸುಳ್ಳು ಹೇಳೋಕೆ ಬಂದಿದ್ರೆ ನಾನು ಸುಖವಾಗಿರ್ತಿದ್ದೆ! ಸ್ವಂತ ತಮ್ಮ ನಾನು. ನನ್ನ ಕಾಲಿಗೆ ತೆರಿಗೆ ಹಾಕಿದಾಳೆ! ಇಗೋ, ಈ ಕಾಲಿಗೆ!" ಎಂದು ಚಪ್ಪಲಿ ಕಳಚಿ, ಊದಿದ ಕಾಲನ್ನು ಎತ್ತಿ ಅವರ ಮುಂದಿದ್ದ ಸ್ಟೂಲಿನ ಮೇಲಿಟ್ಟೆ. "ಇಂಥ ಹಟಮಾರಿ, ಇಂಥ ಜಿಗುಟು ಹೆಂಗಸನ್ನ ನೀವು ಎಲ್ಲಾದ್ರೂ ನೋಡಿದೀರಾ?"

ನನ್ನ ಗಂಟಲು ದೊಡ್ಡದು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಕಾಯುತ್ತಿದ್ದವರಂತೆ ಒಬ್ಬೊಬ್ಬರೇ ಶುರು ಮಾಡಿದರು.

"ನನ್ನ ಗುಲಾಬಿ ಗಿಡಕ್ಕೂ ಹಾಕಿದಾರೆ ಸಾರ್" ಎಂದರು ಟೀಚರಮ್ಮ.

"ಈಯಮ್ಮನಿಂದ ನಮ್ಮ ಯಜಮಾನರ ಅಂಗಿ ಹಾಳಾಯ್ತು" ಎಂದಳು ಟೈಲರ್ ಹೆಂಡತಿ.

ಕ್ಷೌರದವನು ಹಿಂದಿನಿಂದ ಕೂಗಿದ: "ನನ್ನ ಗಡ್ಡದ ಬಟ್ಟಲಿಗೆ ಬಚ್ಚಲು ದರ ಹಾಕಿದ್ರು. ಅಂಗಡೀಲಿ ಬಚ್ಚಲೇ ಇಲ್ಲ ಸಾರ್!"

ಅಧಿಕಾರಿ ಒಬ್ಬೊಬ್ಬರ ಮುಖ ನೋಡಿದರು. ಆಮೇಲೆ ನನ್ನ ಕಾಲು ನೋಡಿದರು. ಮೊದಲು ಅವರ ಭುಜ ಕುಲುಕಿತು, ನಂತರ ಹೊಟ್ಟೆ. ಕಣ್ಣೊರೆಸಿಕೊಳ್ಳುತ್ತ ಹೇಳಿದರು: "ಅಮ್ಮಾ, ದರ ವಸ್ತುವಿಗೆ. ಅದು ಹೋಗೋ ಮನೆಗಲ್ಲ. ಬೋಗುಣಿ ಅಂದ್ರೆ ಅಡುಗೆ ಪಾತ್ರೆ, ಮುಗೀತು. ಕೊಂಡೋರು ಅದರಲ್ಲಿ ಏನು ಮಾಡಿದ್ರೂ ನಿಮಗೆ ಸಂಬಂಧ ಇಲ್ಲ."

"ಗಿಡ ನೆಟ್ರೂ?"

"ನೆಡಲಿ."

"ಅಡುಗೆ ಪಾತ್ರೇಲಿ ಕಾಲಿಟ್ರೂ?"

"ಇಡಲಿ ಅಮ್ಮ."

ಅಕ್ಕ ನನ್ನ ಕಾಲನ್ನು ಬೇಸರದಿಂದ ನೋಡಿದಳು, ಗೆದ್ದದ್ದು ಅದೊಂದೇ ಎನ್ನುವ ಹಾಗೆ.

ಕಳ್ಳಿ ಎಂದು ಅವರು ಬರೆಯಲಿಲ್ಲ. ಹೆಚ್ಚಿಗೆ ತೆಗೆದುಕೊಂಡದ್ದನ್ನು ಜನರಿಗೆ ವಾಪಸು ಕೊಟ್ಟು, ಕನ್ನಡಕದವನಿಂದ ಲೆಕ್ಕ ಸರಿ ಮಾಡಿಸಿ ಎಂದು ಹೇಳಿ ಹೋದರು.

ಅಂಗಡಿಗೆ ಬನ್ನಿ, ಕೊಡುತ್ತೇನೆ ಎಂದಿದ್ದರೆ ಸಾಕಿತ್ತು. ಊಹೂಂ. ವಸೂಲಿಗೆ ಮನೆಗೆ ಹೋದವಳು ಕೊಡುವುದಕ್ಕೂ ಮನೆಗೇ ಹೋಗಬೇಕಂತೆ. ಬಿಸಿಲಲ್ಲಿ ಬೀದಿ ಬೀದಿ ಸುತ್ತಿ, ಕೊನೆಗೆ ಸಂಜೆ ನನ್ನ ಮನೆಗೆ ಬಂದಳು. ನಾನು ಒಲೆಯ ಪಕ್ಕ, ಕಾಲು ಬೋಗುಣಿಯಲ್ಲಿ. ಚಿಲ್ಲರೆಯನ್ನು ಕಟ್ಟೆಯ ಮೇಲೆ ಇಟ್ಟಳು.

"ನನಗೆ ಬೇಡ, ತಗೊಂಡು ಹೋಗು" ಎಂದೆ.

"ಯಾಕೆ? ನಿನ್ನ ಬಾಯಿಂದ ಅಂಗಡಿ ಉಳೀತು ಅಂತ ಉಪಕಾರ ಹೊರಿಸ್ತೀಯಾ?"

"ಉಪಕಾರ ಯಾಕೆ? ಬೈದದ್ದು ನಾನು. ನಿಜವಾಗ್ಲೂ ಬೈದದ್ದು."

"ಗೊತ್ತು ಕಣೋ. ಜಿಗುಟು ಅಂದೆಯಲ್ಲ." ಸೀರೆಯ ನೆರಿಗೆ ತುಸು ಎತ್ತಿ ಹಿಡಿದು, ಇನ್ನೊಂದು ಸ್ಟೂಲು ಕಾಲಲ್ಲೇ ಎಳೆದುಕೊಂಡು ಕೂತಳು. ಅವಳ ಕಾಲೂ ನನ್ನ ಕಾಲಿನಂತೆಯೇ ಊದಿತ್ತು. "ಆ ಕಡೆ ಸರಿ."

ಸರಿದೆ. ಎರಡೂ ಕಾಲು ಬೋಗುಣಿಗೆ ಇಳಿಸಿ ಕಣ್ಣು ಮುಚ್ಚಿದಳು.

ನನ್ನ ಹೆಂಡತಿ ಬಿಸಿನೀರಿನ ಚೊಂಬು ಹಿಡಿದು ಬಂದವಳು ನಿಂತೇಬಿಟ್ಟಳು. ನಾನು ಕೇಳಿದೆ: "ಅಕ್ಕಾ, ಈ ಬೋಗುಣಿಯನ್ನ ಎಲ್ಲಿಡ್ಲಿ?"

"ಇಲ್ಲೇ ಇರ್ಲಿ" ಎಂದಳು, ಕಣ್ಣು ತೆರೆಯದೆ. "ನೀರು ಸಾಲದು. ಹಾಕಮ್ಮಾ ಇನ್ನೊಂದು ಚೊಂಬು."