ಬಸ್ಯೂನಿಯ ಸಿಹಿ ಪಥ್ಯ

ಇನ್ಶಿರಾಹ್‌ಗೆ ತಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳ ಪ್ರಾಣ ಉಳಿಸುತ್ತೇನೆಂದು ಮುಂದೆ ಬಂದವನೂ ಬಸ್ಯೂನಿಯೇ, ಅದಕ್ಕೆ ಅಡ್ಡಗಾಲು ಹಾಕಿದವನೂ ಬಸ್ಯೂನಿಯೇ.

ನೈಲ್ ಕಾಲುವೆ ದಂಡೆಯ ಆ ಹಳ್ಳಿಯಲ್ಲಿ ಅವಳು ಚಿಕ್ಕವಳಿದ್ದಾಗ, ನೀರಿಗಿಳಿದ ಮಕ್ಕಳಿಗೆಲ್ಲ ಅದರ ಹುಳು ಮೈಹೊಕ್ಕು ಮೂತ್ರದಲ್ಲಿ ರಕ್ತ ಹೋಗುತ್ತಿತ್ತು. ಅದಕ್ಕೆ ಮದ್ದೆಂದು ಸರ್ಕಾರಿ ಆಸ್ಪತ್ರೆಯವರು ಅವರನ್ನು ಸಾಲಾಗಿ ನಿಲ್ಲಿಸಿ ಒಂದೇ ಸೂಜಿಯಿಂದ ಚುಚ್ಚುತ್ತಿದ್ದರು. ಆ ಕಾಯಿಲೆ ಹೋಯಿತು. ಸೂಜಿಯ ಜೊತೆ ಬಂದ ಹೆಪಟೈಟಿಸ್ ಸಿ ವೈರಸ್ ಮಾತ್ರ ಸದ್ದಿಲ್ಲದೆ ಲಿವರಿನಲ್ಲಿ ಕೂತಿತು. ತಾಯಿ ಸತ್ತ ಮೇಲೆ ಹೊಲಿಗೆ ಮೆಷಿನ್ ತುಳಿದು ತಮ್ಮನನ್ನು ಸಾಕುವ ಗಡಿಬಿಡಿಯಲ್ಲಿ ಸುಸ್ತನ್ನು ಅವಳು ಸುಸ್ತೆಂದೇ ತಿಳಿದಿದ್ದಳು. ಈಚೆಗೆ ಹೊಸ ಮಾತ್ರೆ ಬಂದು ವೈರಸ್ ಸತ್ತಿತು. ಅಷ್ಟರಲ್ಲಿ ಲಿವರ್ ಗಟ್ಟಿಯಾಗಿ ಮುದುಡಿಹೋಗಿತ್ತು, ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಇನ್ನು ರಕ್ತಸಂಬಂಧಿ ಯಾರಾದರೂ ತಮ್ಮ ಲಿವರಿನ ತುಂಡು ಕೊಟ್ಟರಷ್ಟೇ ಉಳಿವು.

ಬಸ್ಯೂನಿಯ ಕಾಲಕ್ಕೆ ಆ ಹುಳುವಿನ ಕಾಯಿಲೆಗೆ ಸೂಜಿ ಹೋಗಿ ಮಾತ್ರೆ ಬಂದಿತ್ತು. ಅವನ ರಕ್ತ ಶುದ್ಧ, ಗುಂಪೂ ಹೊಂದಿತು. ವೈರಸ್ ಅಂಟದಂತೆ ಕ್ಷೌರಕ್ಕೆ ಹೋಗುವಾಗ ಸ್ವಂತ ಬ್ಲೇಡು ಒಯ್ಯಬೇಕೆಂಬ ಅಕ್ಕನ ಮಾತನ್ನೂ ಪಾಲಿಸಿದ. ಆದರೆ ಸ್ಕ್ಯಾನ್ ನೋಡಿದ ಡಾಕ್ಟರಮ್ಮ ತಲೆಯಾಡಿಸಿದಳು.

"ಕೊಬ್ಬು ತುಂಬಿದೆ. ಇಂಥ ಲಿವರ್ ಕೊಯ್ದರೆ ಇಬ್ಬರಿಗೂ ಅಪಾಯ. ಸಿಹಿ ಬಿಡಿ, ತುಪ್ಪ ಬಿಡಿ, ದಿನಾ ನಡೀರಿ. ತೂಕ ಇಳಿದ ಮೇಲೆ ಬನ್ನಿ."

"ನಾನು ಹೆಂಡ ಮೂಸಿ ಕೂಡ ನೋಡಿಲ್ಲ ಡಾಕ್ಟ್ರೇ!"

"ಹೆಂಡ ಕುಡಿದ್ರೆ ಮಾತ್ರ ಕೆಡೋದು ಅಂತ ಯಾರು ಹೇಳಿದ್ರು?"

ಊರಿನವರಿಗೆ ಡಾಕ್ಟರಮ್ಮನಿಗಿಂತ ಹೆಚ್ಚು ಗೊತ್ತಿತ್ತು. ಲಿವರಿಗೆ ಸಿಹಿಯೇ ಮದ್ದಲ್ಲವೇ? ಒಬ್ಬರು ಜೋನಿಬೆಲ್ಲ ಕಳಿಸಿದರು, ಇನ್ನೊಬ್ಬರು ಎಳ್ಳಿನ ಹಲ್ವ. ಅವನ ಹೆಂಡತಿ ನಬವಿಯಾ ಎಮ್ಮೆತುಪ್ಪದಲ್ಲಿ ಪಾರಿವಾಳ ಹುರಿದಳು. ಕೊಡುವ ಲಿವರ್ ಬಲವಾಗಿರಬೇಕೆಂದು ಬಸ್ಯೂನಿ ಕಣ್ಣುಮುಚ್ಚಿ ತಿಂದ.

ಎರಡನೆಯ ಸ್ಕ್ಯಾನಿನಲ್ಲಿ ಕೊಬ್ಬು ಇನ್ನೂ ಏರಿತ್ತು.

ಬಸ್ಸಿಳಿಯುವ ತನಕ ಇನ್ಶಿರಾಹ್ ಹಲ್ಲು ಕಚ್ಚಿಕೊಂಡಿದ್ದಳು. ಮನೆ ಹೊಸ್ತಿಲಲ್ಲಿ ಕಟ್ಟೆ ಒಡೆಯಿತು.

"ಏನೋ, ಬಕ್ರೀದಿಗೆ ಕುರಿ ಕೊಬ್ಬಿಸಿದ ಹಾಗೆ ನಿನ್ನನ್ನ ನೀನೇ ಕೊಬ್ಬಿಸ್ಕೊಂಡಿದ್ದೀಯಲ್ಲೋ! ಡಾಕ್ಟ್ರು ಅಷ್ಟು ಬಾಯಿ ಬಡ್ಕೊಂಡ್ರು, ಕಿವೀಲಿ ಏನು ತುಂಬ್ಕೊಂಡಿದ್ದೆ?"

"ನಿನಗೋಸ್ಕರಾನೇ ತಿಂದೆ ಅಕ್ಕಾ," ಅಂದ ಬಸ್ಯೂನಿ. ಅವನ ಕಣ್ಣು ತುಂಬಿತ್ತು.

ಅದೇ ಅವಳನ್ನು ಹೆಚ್ಚು ಉರಿಸಿತು. ಪ್ರೀತಿಯಿಂದ ತಿಂದವನಿಗೆ ಬೈಯುವುದಾದರೂ ಹೇಗೆ? ಆದರೂ ಬೈದಳು. ಮರುದಿನದಿಂದ ಊದಿದ ಕಾಲೆಳೆದುಕೊಂಡು ತಾನೇ ಅವನನ್ನು ಕಾಲುವೆ ದಂಡೆಯ ಮೇಲೆ ನಡೆಸಿದಳು. ಸ್ವಲ್ಪ ದೂರಕ್ಕೆ ಅವಳಿಗೆ ಏದುಸಿರು ಬರುತ್ತಿತ್ತು. ಕಲ್ಲಿನ ಮೇಲೆ ಕೂತು, "ನೀನು ನಿಲ್ಬೇಡ, ನಡಿ!" ಎಂದು ಕೂಗುತ್ತಿದ್ದಳು. ಅವನು ತಿರುಗಿ ನೋಡುತ್ತಿದ್ದ. ಒಂದೊಂದು ದಿನಕ್ಕೂ ಅವಳು ಕೂರುವ ಕಲ್ಲು ಮನೆಗೆ ಇನ್ನಷ್ಟು ಹತ್ತಿರದ್ದಾಗುತ್ತಾ ಬಂತು.

ಒಂದು ಸಂಜೆ ಅವಳು ಹೊಸ್ತಿಲನ್ನೇ ದಾಟಲಾಗದೆ ಮಂಚದ ಮೇಲೆ ಮಲಗಿದ್ದಾಗ, ಪಕ್ಕದ ಮನೆಯಾಕೆ ತುಪ್ಪ ಜಿನುಗುವ ಸಿಹಿಯ ತಟ್ಟೆ ಹಿಡಿದು ಬಂದಳು.

"ಒಂದು ಚೂರು ತಿನ್ನಪ್ಪ ಬಸ್ಯೂನಿ, ಲಿವರಿಗೆ ಒಳ್ಳೇದು. ನಿನ್ನ ಮೈ ನೋಡು, ಎಷ್ಟು ಇಳಿದುಹೋಗಿದೆ."

ಬೈಯಲು ಇನ್ಶಿರಾಹ್ ಬಾಯಿ ತೆರೆದಳು, ಉಸಿರು ಸಾಲಲಿಲ್ಲ. ಬಸ್ಯೂನಿ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ.

"ಬೇಡ ಚಿಕ್ಕಮ್ಮ, ತಗೊಂಡೋಗಿ. ಈ ಲಿವರ್ ನಂದಲ್ಲ, ಅಕ್ಕಂದು."

ಅವನು ಚಪ್ಪಲಿ ಮೆಟ್ಟಿ ಒಬ್ಬನೇ ಕಾಲುವೆಯ ಕಡೆ ಹೊರಟ.